ಬೋಗುಣಿಗೆ ಮುಚ್ಚಿದ ಬಟ್ಟೆ

ಸೀತಾಳ ಹೊಟ್ಟೆಕಿಚ್ಚಿಗೆ ಒಂದು ಲೋಟ ನೀರು ಕಾರಣ ಅಂದರೆ ಯಾರೂ ನಂಬಲಿಕ್ಕಿಲ್ಲ. ಶಿರಸಿಯಲ್ಲಿ ಶಾಂತಾರಾಮ ಡಾಕ್ಟರ ನರ್ಸಿಂಗ್ ಹೋಮಿಗೆ ಅವಳೇ ಹಿರಿಯ ನರ್ಸು. ಔಷಧದ ಕಪಾಟಿನ ಬೀಗದ ಕೈಗಳ ಗೊಂಚಲು ಅವಳ ಸೊಂಟದಲ್ಲಿ ಜೋತಾಡುತ್ತಿತ್ತು. ಆ ಸದ್ದು ಕೇಳಿದರೆ ಸಾಕು, ಆಯಾಗಳು ಹರಟೆ ನಿಲ್ಲಿಸಿ ಪೊರಕೆ ಹಿಡಿಯುತ್ತಿದ್ದರು. ಸೂಜಿ ಚುಚ್ಚುವುದರಲ್ಲಿ ಅವಳಷ್ಟು ಹಗುರ ಕೈ ಇನ್ನೊಬ್ಬರದಿಲ್ಲ ಎಂದು ಸಿದ್ದಾಪುರ, ಯಲ್ಲಾಪುರದ ಕಡೆಯಿಂದ ಬಂದವರೂ ಹೇಳುತ್ತಿದ್ದರು. ಇಷ್ಟೆಲ್ಲ ಇದ್ದವಳ ನಿದ್ದೆಯನ್ನು ಒಂದು ಲೋಟ ನೀರು ಕೆಡಿಸಿತು. ಕುಡಿದವಳು ಅವಳ ತಾಯಿ, ಕುಡಿಸಿದವಳು ಗುರುಶಾಂತವ್ವ.

ಮೊದಲು ತಾಯಿಯ ವಿಚಾರ ಹೇಳಬೇಕು. ತ್ಯಾಗಲಿಯ ವೆಂಕಮ್ಮ ಅಂದರೆ ಮಡಿಗೆ ಹೆಸರಾದ ಹೆಂಗಸು. ಗಂಡ ಇದ್ದಾಗಲೂ, ಹೋದಮೇಲೂ ಒಂದೇ ಪಟ್ಟು. ಮಗಳು ಹುಬ್ಬಳ್ಳಿಗೆ ಹೋಗಿ ನರ್ಸಿಂಗ್ ಕಲಿಯುತ್ತೇನೆ ಎಂದಾಗ ಮೂರು ಹೊತ್ತು ಊಟ ಬಿಟ್ಟವಳು. ಕಂಡಕಂಡವರ ಮಲ ಮೂತ್ರ ಬಳಿಯುವ ಕೆಲಸ ನಮ್ಮ ಮನೆ ಹುಡುಗಿಗೆ ಯಾಕೆ ಎಂದು ಅತ್ತವಳು. ಸೀತಾಳೂ ಅದೇ ತಾಯಿಯ ಮಗಳಲ್ಲವೇ, ಹಠ ಬಿಡದೆ ಹೋದಳು. ಮೊದಲ ರಜೆಗೆ ಮನೆಗೆ ಬಂದಾಗ ಜಗುಲಿಯ ಮೆಟ್ಟಿಲ ಮೇಲೆಯೇ ತಾಯಿ ತಡೆದಳು.

"ಹಂಗೇ ಒಳಗೆ ಬರಡ. ಬಚ್ಚಲಲ್ಲಿ ನೀರು ಕಾಯ್ಸಿಟ್ಟಿದ್ದು, ಮಿಂದ್ಕಂಡು ಬಾ."

ಸೀತಾ ಮಿಂದಳು. ಮುಂದಿನ ರಜೆಯಲ್ಲೂ ಮಿಂದಳು. ನೌಕರಿ ಸಿಕ್ಕಿತು, ಮದುವೆಯಾಯಿತು, ತಲೆಯಲ್ಲಿ ಬೆಳ್ಳಿಕೂದಲು ಕಾಣಿಸಿತು, ತ್ಯಾಗಲಿಗೆ ಹೋದಾಗೆಲ್ಲ ಹಿಂಬದಿಯಿಂದ ಬಚ್ಚಲಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡೇ ಒಳಗೆ ಬಂದಳು. ಉಳಿದ ಹೆಣ್ಣುಮಕ್ಕಳು ತವರಿಗೆ ಹೋದರೆ ತಾಯಿ ಬಾಗಿಲಿಗೆ ಬಂದು ಕೈ ಹಿಡಿಯುತ್ತಾಳೆ, ತನ್ನನ್ನು ಕಂಡರೆ ತಾಯಿಗೆ ಮೊದಲು ಹಂಡೆಯ ನೆನಪಾಗುತ್ತದೆ ಎಂದು ಗಂಡನ ಹತ್ತಿರ ಒಮ್ಮೆ ಹೇಳಿಕೊಂಡಿದ್ದಳು. ಗಂಡ ಸುಮ್ಮನೆ ಪೇಪರು ಮಗುಚಿದ್ದ.

ಆ ವೆಂಕಮ್ಮ ಅದೇ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡು ಮಗಳು ಕೆಲಸ ಮಾಡುವಲ್ಲಿಗೇ ಬಂದು ಮಲಗಿದಳು. ಊರಿನ ಮೂಲೆಮೂಲೆಯಲ್ಲಿ ಹಳದಿ ಬೋರ್ಡಿನ ಎಸ್‌ಟಿಡಿ ಬೂತು ಹುಟ್ಟಿಕೊಳ್ಳುತ್ತಿದ್ದ ಕಾಲ ಅದು. ಮುರಿದ ಕಾಲಿಗೆ ಹಗ್ಗ ಕಟ್ಟಿ, ಮಂಚದ ಕೊನೆಗೆ ಭಾರ ಇಳಿಬಿಟ್ಟು ವಾರಗಟ್ಟಲೆ ಮಲಗಿಸುತ್ತಿದ್ದರು. ಮೊದಲ ದಿನ ಸೀತಾ ಒಂದು ಲೋಟ ನೀರು ತುಂಬಿಸಿದಳು. ವಾರ್ಡಿನ ಬಾಗಿಲ ತನಕ ತಾನೇ ಹಿಡಿದುಕೊಂಡು ಹೋದಳು. ಅಲ್ಲಿ ಕಾಲು ನಿಂತಿತು. ತಾನು ಕೊಟ್ಟು, ಎಲ್ಲರೆದುರು ತಾಯಿ ಬೇಡ ಅಂದುಬಿಟ್ಟರೆ? ಕಸ ಗುಡಿಸುತ್ತಿದ್ದ ಕೆರಿಯನನ್ನು ಕರೆದು ಅವನ ಕೈಗೆ ಕೊಟ್ಟಳು.

"ಯಂಗೆ ಇಲ್ಲಿ ನೀರು ಬ್ಯಾಡ. ಮನಿಂದ ಚೊಂಬಲ್ಲಿ ತರ್ಲಿ" ಎಂದು ವೆಂಕಮ್ಮ ಮುಖ ತಿರುಗಿಸಿದಳು.

ಬಾಗಿಲಲ್ಲೇ ನಿಂತು ಕೇಳುತ್ತಿದ್ದ ಸೀತಾಳ ಮೈ ಉರಿದುಹೋಯಿತು. "ಇದು ಆಸ್ಪತ್ರೆ ಆಯಿ, ನಿನ್ನ ಬಚ್ಚಲಮನೆ ಅಲ್ಲ" ಎಂದವಳೇ ಬೀಗದ ಕೈ ಝಣಗುಡಿಸುತ್ತ ನಡೆದುಬಿಟ್ಟಳು. ಆಮೇಲೆ ತಾಯಿಯ ಮಂಚದ ಹತ್ತಿರ ಹೋದರೆ ಜ್ವರ ನೋಡುವುದು, ಚಾರ್ಟಿನಲ್ಲಿ ಬರೆಯುವುದು, ಹೊರಡುವುದು, ಇಷ್ಟೇ.

ಇನ್ನು ಗುರುಶಾಂತವ್ವ. ಬನವಾಸಿಯಿಂದಲೂ ಆಚೆ, ಘಟ್ಟ ಮುಗಿದು ಬಯಲು ಶುರುವಾಗುವ ಕಡೆಯವಳು. ಗಂಡನನ್ನು ಕಳೆದುಕೊಂಡಮೇಲೆ ನರ್ಸಿಂಗ್ ಕಲಿತು ಇಲ್ಲಿ ಸೇರಿದ್ದಳು. ಎರಡು ಮಾತಿಗೊಮ್ಮೆ "ರೀ" ಅನ್ನುವ ಗಟ್ಟಿ ದನಿ, ದೊಡ್ಡ ನಗು. ರೋಗಿಗಳ ಮಂಚದ ಮೇಲೆ ಕೂರಬಾರದು ಎಂದು ಸೀತಾ ಬೋರ್ಡು ಬರೆಸಿ ಹಾಕಿದ್ದರೆ ಇವಳು ಆ ಬೋರ್ಡಿನ ಕೆಳಗೇ ಮಂಚದ ಮೇಲೆ ಕೂತು ರೋಗಿಯ ಕಾಲು ನೀವುತ್ತಿದ್ದಳು. ಒಬ್ಬ ಆಯಾಳ ಮಗಳಿಗೆ ಕಾಮಾಲೆಯಾದಾಗ ಆಯಾಳ ಪಾಳಿಯ ಕೆಲಸವನ್ನೂ ತಾನೇ ಮಾಡಿದಳು. ಕೆರಿಯನ ಕೈಗೆ ಗಾಜು ಹೊಕ್ಕಾಗ ಅದು ವಾಸಿಯಾಗುವ ತನಕ ಬಕೆಟ್ಟು ತಾನೇ ಎತ್ತಿದಳು. ಸೀತಾಳಿಗೇ ಒಮ್ಮೆ ಜ್ವರ ಬಂದಾಗ, "ಅಕ್ಕಾರ, ನೀವು ಮನ್ಯಾಗ ಮಲಕೋರಿ, ನಾ ನೋಡ್ಕೋತೀನಿ" ಎಂದು ಹೇಳಿ ಕಳಿಸಿದ್ದಳು. ಜ್ವರ ಬಿಟ್ಟು ಬಂದಾಗ ವಾರ್ಡಿನಲ್ಲಿ ಒಂದು ಬಾಟಲಿಯೂ ಆಚೀಚೆ ಆಗಿರಲಿಲ್ಲ. ತಾನಿಲ್ಲದೆ ಎಲ್ಲವೂ ಸರಿಯಾಗಿ ನಡೆಯಿತಲ್ಲ ಎಂಬುದೇ ಸೀತಾಳನ್ನು ಜ್ವರಕ್ಕಿಂತ ಹೆಚ್ಚು ಸುಸ್ತು ಮಾಡಿತ್ತು.

ಬಿಡುಗಡೆಯಾಗಿ ಹೋಗುವವರು ಮೊದಲೆಲ್ಲ "ಸೀತಕ್ಕ ಎಲ್ಲಿ, ಹೇಳಿ ಹೋಗ್ತೇವೆ" ಅನ್ನುತ್ತಿದ್ದರು. ಈಗ "ಗುರುಶಾಂತಕ್ಕ ಎಲ್ಲಿ" ಅನ್ನತೊಡಗಿದರು. ಹುಲೇಕಲ್ಲಿನ ಒಬ್ಬ ಬಾಣಂತಿಯಂತೂ ಮನೆಯಿಂದ ತರಿಸಿದ ಹಲಸಿನ ಹಪ್ಪಳದ ಕಟ್ಟನ್ನು ಸೀತಾಳ ಕೈಗೇ ಕೊಟ್ಟು, "ಇದು ಗುರುಶಾಂತಕ್ಕಂಗೆ ಕೊಟ್ಬಿಡಿ" ಎಂದಳು. ಸೀತಾ ಕೊಟ್ಟಳು. ಗುರುಶಾಂತವ್ವ ಅಲ್ಲೇ ಕಟ್ಟು ಬಿಚ್ಚಿ ಅರ್ಧ ಅವಳಿಗೆ ಹಂಚಿದಳು. ಸೀತಾ ಹಪ್ಪಳವನ್ನು ಮನೆಗೆ ಒಯ್ದು ಕರಿದಳು ನಿಜ, ಆದರೆ ಗಂಟಲಲ್ಲಿ ಇಳಿಯಲಿಲ್ಲ.

ವೆಂಕಮ್ಮ ಬಂದ ಎರಡನೆಯ ದಿನ ತ್ಯಾಗಲಿಯಿಂದ ಬರಬೇಕಾದ ನೀರಿನ ಚೊಂಬು, ಬಸ್ಸು ಕೆಟ್ಟಿದ್ದರಿಂದ, ಮಧ್ಯಾಹ್ನವಾದರೂ ಬರಲಿಲ್ಲ. ಮುದುಕಿಯ ತುಟಿ ಒಣಗಿ ಸಿಪ್ಪೆ ಏಳುತ್ತಿತ್ತು. ಆಗ ಗುರುಶಾಂತವ್ವ ನರ್ಸಿಂಗ್ ಹೋಮಿನ ಹಿಂದಿನ ಬಚ್ಚಲಿಗೆ ಹೋಗಿ, ತಣ್ಣೀರನ್ನೇ ತಲೆಯ ಮೇಲೆ ಸುರಿದುಕೊಂಡು, ಒಗೆದ ಸೀರೆ ಉಟ್ಟು, ನೀರು ತೊಟ್ಟಿಕ್ಕುವ ಕೂದಲಲ್ಲೇ ಲೋಟ ಹಿಡಿದು ಬಂದಳು.

"ಅಜ್ಜೀ, ಜಳಕಾ ಮಾಡಿ ಬಂದೇನ್ರಿ. ಹಸಿ ತಲಿ ಮುಟ್ಟಿ ನೋಡ್ರಿ ಬೇಕಾದ್ರ. ಈಗರ ಒಂದ್ ಗುಟುಕು ಕುಡೀರಿ."

ವೆಂಕಮ್ಮ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು. ಆಮೇಲೆ ಬಾಯಿ ತೆರೆದು ಲೋಟ ಖಾಲಿಯಾಗುವ ತನಕ ಕುಡಿದಳು.

ಎದುರು ಮಂಚದವರಿಗೆ ಸೂಜಿ ಚುಚ್ಚುತ್ತಿದ್ದ ಸೀತಾ ಇದನ್ನು ಕಣ್ಣಾರೆ ಕಂಡಳು. ಹಗುರ ಕೈ ಎಂದು ಹೆಸರಾದ ಅವಳ ಕೈಯಲ್ಲಿ ಅಂದು ಮೊದಲ ಬಾರಿ ರೋಗಿ "ಹಾ" ಎಂದು ಕೂಗಿದಳು. ಗುರುಶಾಂತವ್ವ ಒಂದು ದಿನ ಮಿಂದಳು, ತಾಯಿ ಒಲಿದಳು. ತಾನು ಇಷ್ಟು ವರ್ಷ ಮಿಂದೆನಲ್ಲ, ಆ ನೀರೆಲ್ಲ ಯಾವ ತೋಡಿಗೆ ಹೋಯಿತು? ಪೇಟೆಯಲ್ಲಿ ಬೇರೆ ಹೆಂಗಸು ಸೀತಾಳ ಗಂಡನ ಕೈ ಹಿಡಿದಿದ್ದನ್ನು ಕಂಡರೂ ಅವಳಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲವೇನೋ.

ಅಲ್ಲಿಂದ ಮುಂದೆ ವೆಂಕಮ್ಮನ ಬಾಯಲ್ಲಿ ಒಂದೇ ಹೆಸರು, ಅವಳು ಬಂದಿಲ್ಲವೇ ಎಂಬ ಒಂದೇ ಪ್ರಶ್ನೆ. "ಗುರುಶಾಂತ ಬೈಂದಿಲ್ಯ?"

"ಅದರ ಡ್ಯೂಟಿ ಈಗಲ್ಲ. ಆನಿದ್ನಲೆ, ಎಂತ ಬೇಕು ಹೇಳು" ಎಂದು ಸೀತಾ ಅಂದರೆ, "ಎಂತೂ ಬ್ಯಾಡ" ಎಂದು ಕಣ್ಣು ಮುಚ್ಚುತ್ತಿದ್ದಳು.

ಮುದುಕಿಗೆ ಒಂದು ಚಟವಿತ್ತು, ಕವಳ. ಎಲೆ, ಅಡಿಕೆ, ಸುಣ್ಣ, ಮೇಲೊಂದು ಎಸಳು ತಂಬಾಕು. ಮಲಗಿದಲ್ಲೇ ಕವಳ ಹಾಕಿದರೆ ಗಂಟಲಿಗೆ ಸಿಕ್ಕೀತು ಎಂದು ಡಾಕ್ಟರು ಕಡ್ಡಾಯವಾಗಿ ನಿಲ್ಲಿಸಿದ್ದರು. ಬಂದ ದಿನವೇ ಸೀತಾ ತಾಯಿಯ ಕವಳದ ಸಂಚಿ ಕಸಿದು ಬೀಗವಿಲ್ಲದ ಬಟ್ಟೆಯ ಕಪಾಟಿನಲ್ಲಿ ಇಟ್ಟಿದ್ದಳು. ಒಂದು ದಿನ ನೋಡುತ್ತಾಳೆ, ಸಂಚಿ ತಾಯಿಯ ತಲೆದಿಂಬಿನ ಕೆಳಗಿದೆ. ಯಾರು ಕೊಟ್ಟರು ಎಂದು ಕೇಳುವ ಅಗತ್ಯ ಇರಲಿಲ್ಲ. ಕೇಳಲೂ ಇಲ್ಲ. ಇಂಥದ್ದೊಂದು ತಪ್ಪಿಗಾಗಿ ಅವಳು ಎಷ್ಟೋ ಕಾಲದಿಂದ ಕಾದಿದ್ದಳು, ಅದನ್ನು ಅರ್ಧಕ್ಕೇ ಹಿಡಿದು ಹಾಳುಮಾಡಲು ಮನಸ್ಸಿರಲಿಲ್ಲ.

ಒಂದು ಗುರುವಾರ ಬೆಳಗ್ಗೆ ರಾತ್ರಿಪಾಳಿ ಮುಗಿಸಿ ಗುರುಶಾಂತವ್ವ ಮಲಗಲು ತನ್ನ ಕೋಣೆಗೆ ಹೋದಮೇಲೆ ಸೀತಾ ವಾರ್ಡಿಗೆ ಬಂದಳು. ತಾಯಿಯ ಮಂಚದ ಕೆಳಗೆ ಉಗುಳಲು ಇಟ್ಟ ಬೋಗುಣಿಯಲ್ಲಿ ಕೆಂಪಗೆ, ಕಂದು ಬೆರೆತು ಏನೋ ಇತ್ತು. ಹೊಗೆಸೊಪ್ಪಿನ ಕವಳ ಉಗುಳಿದರೆ ಹೇಗಿರುತ್ತದೋ ಥೇಟ್ ಹಾಗೆ. ಅಡಿಕೆಯ ಊರಲ್ಲಿ ಹುಟ್ಟಿದವಳಿಗೆ ಇದನ್ನು ಬಗ್ಗಿ ನೋಡಬೇಕೇ? ತಾಯಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

"ಕವಳ ಹಾಕಿದ್ಯ ಆಯಿ?"

ಕದ್ದು ತಿಂದವರು ಬಾಯಿ ಬಿಡುವುದಿಲ್ಲ ಎಂದುಕೊಂಡಳು ಸೀತಾ. ಅವಳಿಗೆ ಸ್ವರ್ಗ ಮೂರೇ ಗೇಣು. ಬೋಗುಣಿಯನ್ನು ಎತ್ತಿ, ಮೇಲೊಂದು ಬಿಳಿ ಬಟ್ಟೆ ಮುಚ್ಚಿ, ಪಾತ್ರೆ ತೊಳೆಯುವ ಕೋಣೆಯ ಕಟ್ಟೆಯ ಮೇಲೆ ಜೋಪಾನವಾಗಿ ಇಟ್ಟಳು.

ಕೆರಿಯ ಕೈ ಚಾಚಿದ. "ಇದ್ನ ತೊಳೀಬ್ಯಾಡ್ದ ಅಮ್ಮಾ?"

"ಮುಟ್ಟಬೇಡ. ಡಾಕ್ಟರು ಬರುವ ತನಕ ಹಾಗೇ ಇರಲಿ."

ಡಾಕ್ಟರು ಯಲ್ಲಾಪುರದಲ್ಲಿ ಕಣ್ಣಿನ ಶಿಬಿರ ಎಂದು ಹೋದವರು ಮಧ್ಯಾಹ್ನ ಕಳೆದು ಬರುವವರಿದ್ದರು. ಸೀತಾ ಕೆಲಸ ಮಾಡುತ್ತ ಮಾಡುತ್ತ ಮಾತು ಜೋಡಿಸಿಕೊಂಡಳು. ದಯೆ ಬೇರೆ, ಮುದ್ದು ಬೇರೆ ಡಾಕ್ಟರೇ. ರೋಗಿಗೆ ಹಿತವಾದದ್ದನ್ನು ಕೊಡುವವಳು ನರ್ಸು, ಬೇಕೆನಿಸಿದ್ದನ್ನು ಕೊಡುವವಳಲ್ಲ. ಈ ಮಾತು ಅವಳಿಗೆ ಬಹಳ ಹಿಡಿಸಿತು. ತಾಯಿಯ ಮಂಚದ ಕಡೆಗಂತೂ ಬೇಕೆಂದೇ ಹೋಗಲಿಲ್ಲ. ಪಕ್ಕದ ಮಂಚದಲ್ಲಿದ್ದ ನಂದೊಳ್ಳಿಯ ಹೆಂಗಸು ಕರೆದು ಹೇಳಿದಳು: "ಸಿಸ್ಟರೇ, ನಿಮ್ಮ ಅಮ್ಮ ಬೆಳಿಗ್ಗಿಂದ ಗಂಜಿ ಮುಟ್ಟಲಿಲ್ಲ. ಒಂದ್ಸಲ ನೋಡಿ ಹೋಗಿ."

"ಕವಳ ಹಾಕಿದ ಬಾಯಿಗೆ ಗಂಜಿ ಎಲ್ಲಿ ರುಚಿಸ್ತದೆ" ಎಂದಳು ಸೀತಾ. ಒಮ್ಮೆ ತಾಯಿ "ಗುರುಶಾಂತಾ" ಎಂದು ಕರೆದಂತೆ ಕೇಳಿಸಿತು. ದನಿ ಬಹಳ ಸಣ್ಣಗಿತ್ತು. ಬರುತ್ತಾಳಲ್ಲ ನಿನ್ನ ಗುರುಶಾಂತ, ಅವಳೇ ನೋಡಲಿ ಎಂದು ಸೀತಾ ಹತ್ತಿ ಕತ್ತರಿಸುತ್ತ ಕೂತಳು.

ಡಾಕ್ಟರ ಜೀಪು ಬಂತು. ಅದೇ ಹೊತ್ತಿಗೆ ಗುರುಶಾಂತವ್ವನೂ ಬಂದಳು. ಪಾಳಿ ಇಲ್ಲದಿದ್ದರೂ ವೆಂಕಮ್ಮನಿಗೆ ಹೊತ್ತಿಗೆ ಒಮ್ಮೆ ಮೈ ಒರೆಸಿ ಹೋಗುವುದು ಅವಳ ರೂಢಿ. ಇಬ್ಬರೂ ಸಿಕ್ಕಿದ್ದು ಸೀತಾಳಿಗೆ ಇನ್ನೂ ಅನುಕೂಲವಾಯಿತು. ಬೋಗುಣಿ ಹಿಡಿದು ಡಾಕ್ಟರ ಕೋಣೆಗೆ ಬಂದವಳು, ಆಯಾಗಳೂ ಬಾಗಿಲಲ್ಲಿ ನಿಂತಿರುವುದನ್ನು ಖಾತ್ರಿ ಮಾಡಿಕೊಂಡು, ಮೇಜಿನ ಮೇಲೆ ಇಟ್ಟಳು.

"ಡಾಕ್ಟರೇ, ನೀವು ನಿಲ್ಲಿಸಿದ ಕವಳವನ್ನು ನನ್ನ ಆಯಿಗೆ ಇಲ್ಲಿಯ ಒಬ್ಬ ಸಿಸ್ಟರೇ ತಂದು ಕೊಡ್ತಿದ್ದಾರೆ. ಸಂಚಿಯನ್ನೂ ಕೊಟ್ಟಿದ್ದಾರೆ. ನೋಡಿ."

ಗುರುಶಾಂತವ್ವ ಕಣ್ಣರಳಿಸಿದಳು. "ಸಂಚಿ ಕೊಟ್ಟೇನ್ರಿ ಖರೆ. ಆದ್ರ ಬರೇ ಸಂಚಿರೀ. ಒಳಗ ಎರಡ ಏಲಕ್ಕಿ ಅದಾವ. ಅಜ್ಜಿಗಿ ಅದನ್ನ ಕೈಯಾಗ ಹಿಡದ್ರ ನಿದ್ದಿ ಬರ್ತದ್ರಿ."

"ಹಾಗಾದರೆ ಇದೇನು?" ಎಂದು ಸೀತಾ ಬಟ್ಟೆ ತೆಗೆದಳು.

ಅರ್ಧ ದಿನ ಮುಚ್ಚಿಟ್ಟಿದ್ದರ ವಾಸನೆ ಅವಳ ಮೂಗಿಗೇ ಮೊದಲು ಬಡಿಯಿತು. ಕವಳವಾಗಿದ್ದರೆ ಎಲೆಯ ಘಮವಿರಬೇಕು, ತಂಬಾಕಿನ ಘಾಟಿರಬೇಕು. ಇಲ್ಲಿ ಎರಡೂ ಇರಲಿಲ್ಲ. ಹುಳಿ ಬೆರೆತ, ತುಕ್ಕು ಕಬ್ಬಿಣದಂಥ ವಾಸನೆ. ಆಪರೇಷನ್ ಕೋಣೆಯಲ್ಲಿ ವರ್ಷಗಟ್ಟಲೆ ನಿಂತವಳಿಗೆ ಅದು ಏನೆಂದು ಯಾರೂ ಹೇಳಬೇಕಾಗಿರಲಿಲ್ಲ.

"ಇದು ಕವಳ ಅಲ್ಲ ಡಾಕ್ಟರೇ" ಎಂದಳು ಸೀತಾ. "ರಕ್ತ."

ಓಡಿದರು. ವೆಂಕಮ್ಮನ ಮುಖ ಹಿಟ್ಟು ಬಳಿದಂತಾಗಿತ್ತು, ಹಣೆಯ ಮೇಲೆ ತಣ್ಣನೆಯ ಬೆವರು, ನಾಡಿ ಕೈಗೆ ಸಿಕ್ಕೂ ಸಿಗದ ಹಾಗೆ ಓಡುತ್ತಿತ್ತು. ಮೊಣಕಾಲು ನೋವಿಗೆಂದು ಅಂಗಡಿಯಿಂದ ತರಿಸಿ ವರ್ಷಾನುಗಟ್ಟಲೆ ನುಂಗಿದ ಗುಳಿಗೆ ಹೊಟ್ಟೆಯಲ್ಲಿ ಹುಣ್ಣು ಮಾಡಿ, ಆ ಹುಣ್ಣು ಒಡೆದಿತ್ತು. ಬತ್ತಿಹೋದ ರಕ್ತನಾಳ ಹುಡುಕಿ ಸೂಜಿ ಹಾಕಿದವಳು ಸೀತಾ. ಮೂಗಿನಿಂದ ನಳಿಕೆ ಇಳಿಸುವಾಗ ತಾಯಿಯ ತಲೆಯನ್ನು ಎದೆಗೆ ಒತ್ತಿಕೊಂಡು "ಆತ್ರಿ ಅಜ್ಜೀ, ಆತು, ಇನ್ನೊಂದೀಟ" ಎಂದವಳು ಗುರುಶಾಂತವ್ವ. ಹುಬ್ಬಳ್ಳಿಯಿಂದ ರಕ್ತ ತರಲು ಜೀಪು ಓಡಿತು. ಅದು ವಾಪಸು ಬರುವ ತನಕ ಇಬ್ಬರೂ ಮಂಚದ ಎರಡು ಬದಿಗೆ ನಿಂತೇ ಇದ್ದರು. ಬೇಕಾದ ಸಾಮಾನಿನ ಹೆಸರಲ್ಲದೆ ಅವರ ನಡುವೆ ಬೇರೆ ಒಂದೂ ಮಾತಿಲ್ಲ. ಸೀತಾ ಕೈ ಚಾಚುವ ಮೊದಲೇ ಬೇಕಾದದ್ದು ಕೈಗೆ ಬರುತ್ತಿತ್ತು. ಇಷ್ಟು ಒಳ್ಳೆಯ ಜೊತೆಗಾತಿ ತನಗೆ ಇಡೀ ನೌಕರಿಯಲ್ಲಿ ಸಿಕ್ಕಿರಲಿಲ್ಲ ಎಂದು ಆ ಗಡಿಬಿಡಿಯಲ್ಲೂ ಅವಳಿಗೆ ತೋರಿತು. ಆ ಅನ್ನಿಸಿಕೆಯೂ ಹಿತವಾಗಿರಲಿಲ್ಲ.

ಮರುದಿನ ಬೆಳಗ್ಗೆ ವೆಂಕಮ್ಮನ ಕೆನ್ನೆಗೆ ಸ್ವಲ್ಪ ಬಣ್ಣ ಮರಳಿತು. ಜೀವ ಉಳಿಯಿತು ಎಂದರು ಡಾಕ್ಟರು. ಆಮೇಲೆ ಇಬ್ಬರನ್ನೂ ಕೋಣೆಗೆ ಕರೆದು, ಆ ಬೋಗುಣಿಯನ್ನು ಮೊದಲು ಯಾರು, ಯಾವಾಗ ನೋಡಿದ್ದು ಎಂದು ಕೇಳಿದರು.

ಗುರುಶಾಂತವ್ವನೇ ಬಾಯಿ ತೆರೆದಳು. "ತಪ್ಪು ನಂದ್ರೀ ಸಾಹೇಬ್ರ. ಮುಂಜಾನೆ ಪಾಳಿ ಬಿಟ್ಟ ಹೋಗೂ ಮುಂದ ನಾ ಬೋಗುಣಿ ನೋಡಿ ಹೋಗಬೇಕಿತ್ತು. ಅಕ್ಕಾರಿಗಿ ತಾಯೀದ ಚಿಂತಿ, ಅವರನ್ನ ಏನೂ ಕೇಳಬ್ಯಾಡ್ರಿ."

ಸೀತಾ ಸುಮ್ಮನಿದ್ದರೆ ಸಾಕಿತ್ತು. ಆದರೆ ಅವಳ ಹೊಟ್ಟೆಯಲ್ಲಿ ಹಳೆಯ ಕಿಚ್ಚು ಭಗ್ಗೆಂದಿತು. ತಾಯಿಗೆ ನೀರು ಇವಳೇ ಕೊಡಬೇಕು, ಹಪ್ಪಳದಲ್ಲಿ ಪಾಲು ಇವಳೇ ಕೊಡಬೇಕು, ಈಗ ಮರ್ಯಾದೆಯ ಭಿಕ್ಷೆಯನ್ನೂ ಇವಳ ಕೈಯಿಂದಲೇ ಇಸಕೊಳ್ಳಬೇಕೇ? ಸತ್ತರೂ ಬೇಡ.

"ಇವರದ್ದೇನೂ ತಪ್ಪಿಲ್ಲ" ಎಂದಳು. "ಬೆಳಗ್ಗೆ ನಾನು ನೋಡಿದೆ. ಕವಳ ಅಂದ್ಕೊಂಡೆ. ನಿಮಗೆ ತೋರಿಸಿ ಇವರಿಗೆ ಬೈಸಬೇಕು ಅಂತ ಬಟ್ಟೆ ಮುಚ್ಚಿಟ್ಟೆ. ಆಯಿ ಕರೆದಾಗಲೂ ಹೋಗಲಿಲ್ಲ."

ಕೇಳಿದವರು ಮುಂದೆ ಇದನ್ನು ಸೀತಾಳ ದೊಡ್ಡ ಗುಣ ಎಂದು ಹೊಗಳಿದ್ದುಂಟು. ಗುಣವೂ ಅಲ್ಲ, ಗಿಣವೂ ಅಲ್ಲ. ಶುದ್ಧ ಹೊಟ್ಟೆಕಿಚ್ಚು ಒಮ್ಮೆಯಾದರೂ ಸತ್ಯ ನುಡಿಸಿತು, ಅಷ್ಟೇ.

ಡಾಕ್ಟರು ಸೀತಾಳ ಸೊಂಟದ ಬೀಗದ ಕೈಗಳ ಗೊಂಚಲಿನ ಕಡೆ ನೋಡಿದರು. ಆಮೇಲೆ, "ವಾರ್ಡಿನ ಜವಾಬ್ದಾರಿ ಸದ್ಯ ಇವರು ನೋಡಲಿ, ಸಿಸ್ಟರ್. ನೀವು ಸ್ವಲ್ಪ ದಿನ ನಿಮ್ಮ ತಾಯಿಯನ್ನು ನೋಡಿಕೊಳ್ಳಿ" ಎಂದರು. ಸೀತಾ ಸೊಂಟದಿಂದ ಬೀಗದ ಕೈ ಬಿಚ್ಚಿ ಮೇಜಿನ ಮೇಲಿಟ್ಟಳು. ಗುರುಶಾಂತವ್ವ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಲಿಲ್ಲ, ಕಪಾಟಿನ ಪಕ್ಕದ ಮೊಳೆಗೆ ತೂಗುಹಾಕಿದಳು. ಸೀತಾಳಿಗೆ ಅದೂ ಚುಚ್ಚಿತು. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರೆ ಬೈದುಕೊಳ್ಳಲಿಕ್ಕಾದರೂ ಆಗುತ್ತಿತ್ತು.

ಎರಡು ದಿನ ಅವಳು ತಾಯಿಯ ಮಂಚದ ಪಕ್ಕ ಸ್ಟೂಲು ಹಾಕಿ ಕೂತಳು. ಮೂರನೆಯ ಸಂಜೆ ಬಾಯಿಗೆ ನೀರು ಕೊಡಬಹುದು ಎಂದು ಡಾಕ್ಟರು ಹೇಳಿದರು. ಚಮಚ ತರಲು ಗುರುಶಾಂತವ್ವ ಎದ್ದಳು.

"ನಾನು ಕೊಡ್ತೇನೆ" ಎಂದಳು ಸೀತಾ.

ಹಿಂದಿನ ಬಚ್ಚಲಿಗೆ ಹೋದಳು. ನಲ್ಲಿಯ ನೀರು ಮಂಜಿನಷ್ಟು ತಣ್ಣಗಿತ್ತು. ಹಲ್ಲು ಕಚ್ಚಿ ತಂಬಿಗೆಯ ಮೇಲೆ ತಂಬಿಗೆ ತಲೆಗೆ ಸುರಿದುಕೊಂಡಳು. ಒಗೆದ ಸೀರೆ ಉಟ್ಟು, ಬೆನ್ನೆಲ್ಲ ತೊಯ್ದುಹೋಗುತ್ತಿದ್ದ ಹಾಗೆಯೇ ಲೋಟ, ಚಮಚ ಹಿಡಿದು ತಾಯಿಯೆದುರು ಬಂದು ನಿಂತಳು. ಇಷ್ಟು ವಯಸ್ಸಾದ ಹೆಂಗಸು ಪರೀಕ್ಷೆಗೆ ಕೂತ ಹುಡುಗಿಯಂತೆ ತಾಯಿಯ ಮುಖವನ್ನೇ ನೋಡುತ್ತಿದ್ದಳು.

ವೆಂಕಮ್ಮ ಹುಬ್ಬು ಗಂಟಿಕ್ಕಿದಳು. "ಎಂತಕ್ಕೆ ಈ ಹೊತ್ತಲ್ಲಿ ತಲೆ ಮೇಲೆ ಮಿಂದೆ? ಥಂಡಿ ಆಗ್ತಲೆ."

"ನಿಂಗೆ ನೀರು ಕುಡ್ಸವು ಹೇಳಿ. ಮಿಂದ್ಕಂಡೇ ಬೈಂದಿ. ಕುಡಿ."

"ಆ ಗುರುಶಾಂತಂಗೆ ಆನು ಮರುದಿನವೇ ಮೀಯದು ಬ್ಯಾಡ ಹೇಳಿದ್ದಿ. ಪಾಪ, ಅದು ನಡುಗ್ತಿತ್ತು. ಕಾಲು ಕಟ್ಟಿ ಮಲಗಿದವಕ್ಕೆ ಎಂತ ಮಡಿ?"

ಸೀತಾ ಎತ್ತಿದ ಚಮಚವನ್ನು ಲೋಟಕ್ಕೆ ಇಳಿಸಿದಳು. "ಹಂಗರೆ ಯಂಗೆ ಎಂತಕ್ಕೆ ಹೇಳಿದ್ದಿಲ್ಲೆ?"

ಮುದುಕಿ ಮಗಳ ಮುಖವನ್ನೇ ನೋಡಿದಳು. "ನೀ ತಂದು ಕೊಟ್ಟಿದ್ದು ಯಾವಾಗ? ಬಂದ ದಿನದಿಂದ ಆನು ನೋಡ್ತಾ ಇದ್ದಿ. ನೀ ಎಲ್ಲರಿಗೂ ಕೊಡ್ತೆ. ಯನ್ನ ಹತ್ರ ಬಂದ್ರೆ ಬರೀ ಚಾರ್ಟ್ ನೋಡ್ತೆ, ಹೋಗ್ತೆ. ನೀ ತಂದಿದ್ರೆ ಆನು ಬ್ಯಾಡ ಹೇಳ್ತಿದ್ನ?"

ಬೇಡ ಅನ್ನುತ್ತಿದ್ದಳೋ ಇಲ್ಲವೋ, ಈಗ ಯಾರು ಹೇಳಬೇಕು? ಸೀತಾಳಿಗೆ ವಾರ್ಡಿನ ಬಾಗಿಲು, ಕೆರಿಯನ ಕೈಗೆ ದಾಟಿಸಿದ ಲೋಟ ನೆನಪಾಯಿತು. ಸ್ಟೂಲಿನ ಮೇಲೆ ಕುಸಿದು ಕೂತು ಚಮಚದಿಂದ ನೀರು ಕುಡಿಸಿದಳು. ವೆಂಕಮ್ಮ ಮಗುವಿನಂತೆ ಒಂದೊಂದೇ ಗುಟುಕು ನುಂಗಿದಳು. ಸೀತಾಳ ಕಣ್ಣು ತುಂಬಿ ಹರಿಯಿತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

"ಸಾಕು. ಬಗ್ಗು ಇತ್ಲಾಗೆ" ಎಂದು ವೆಂಕಮ್ಮ ಸೂಜಿ ಹಾಕದ ಕೈಯಲ್ಲಿ ತನ್ನ ಸೆರಗಿನ ತುದಿ ಎಳೆದುಕೊಂಡು ಮಗಳ ಒದ್ದೆ ತಲೆ ಒರೆಸತೊಡಗಿದಳು. ನಾಲ್ಕು ಸಲ ಒರೆಸುವಷ್ಟರಲ್ಲಿ ಆ ಕೈಗೆ ದಣಿವಾಯಿತು. ಆದರೂ ನಿಲ್ಲಿಸಲಿಲ್ಲ.

ಆಗ ಗುರುಶಾಂತವ್ವ ಔಷಧದ ತಟ್ಟೆ ಹಿಡಿದು ಬಾಗಿಲಿಗೆ ಬಂದಳು. ಇವರನ್ನು ಕಂಡು ಅಲ್ಲೇ ನಿಂತಳು. ಅವಳ ತಲೆಯನ್ನು ಹೀಗೆ ಒರೆಸುವವರು ಯಾರಿದ್ದಾರೆ ಎಂಬ ಯೋಚನೆ ಸೀತಾಳಿಗೆ ಅಂದಿನವರೆಗೆ ಬಂದೇ ಇರಲಿಲ್ಲ, ಆಗ ಬಂತು. ಒಳಗೆ ಕರೆಯಬೇಕು ಅನ್ನಿಸಿತು.

ಕರೆದಳು ಕೂಡ. ಆದರೆ ತಲೆಯಿಂದ ನೀರು ಸೋರುವುದು ಆಗಲೇ ನಿಂತಿದ್ದರೂ, ಗುರುಶಾಂತವ್ವ ಸರಿಯಾಗಿ ನೋಡಲಿ ಎಂದು, ಇನ್ನೂ ಸ್ವಲ್ಪ ಹೊತ್ತು ತಾಯಿಯ ಮುಂದೆ ಬಗ್ಗಿಕೊಂಡೇ ಕೂತಿದ್ದು, ಆಮೇಲೆ ಕರೆದಳು.